ಸೋಫಿ ಜೆರ್ಮೇನ್ ಗಣಿತದಲ್ಲಿ ಮಾಡಿದ್ದೇನು?

ಪ್ರಶ್ನೆ: ನನ್ನ ಮಗಳು ಮೊದಲ ಪಿಯುಸಿ ಓದುತ್ತಿದ್ದಾಳೆ. ಗಣಿತಜ್ಞರೊಬ್ಬರ ಬಗ್ಗೆ ಪ್ರಾಜೆಕ್ಟ್ ಮಾಡಬೇಕಂತೆ. ಫ್ರಾನ್ಸಿನ ಸೋಫಿ ಜೆರ್ಮೇನ್ ಅವರನ್ನು ಆರಿಸಿಕೊಂಡಿದ್ದಾಳೆ. ಎಲ್ಲಿ ಹುಡುಕಿದರೂ ಮೇಣದಬತ್ತಿ ಹಚ್ಚಿಕೊಂಡು ಕದ್ದು ಓದಿದರು, ಗಂಡಸಿನ ಹೆಸರಿಟ್ಟುಕೊಂಡು ಪತ್ರ ಬರೆದರು ಅನ್ನುವ ಕತೆಯೇ ಸಿಗುತ್ತದೆ. ಗಣಿತದಲ್ಲಿ ಅವರು ಮಾಡಿದ್ದೇನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಹೆಣ್ಣುಮಗಳು ಅಂತ ಕನಿಕರಪಟ್ಟು ಹೊಗಳುತ್ತಾರೋ, ನಿಜಕ್ಕೂ ದೊಡ್ಡ ಕೆಲಸವೋ? ಐಫೆಲ್ ಗೋಪುರ ನಿಂತಿರುವುದೇ ಅವರ ಲೆಕ್ಕದಿಂದ ಅನ್ನುವುದು ಸರಿಯೇ?

ಉತ್ತರ: ದೊಡ್ಡ ಕೆಲಸವೇ. ಅದಕ್ಕೆ ಯಾರ ಕನಿಕರವೂ ಬೇಕಿಲ್ಲ. ಫರ್ಮಾನ ಕೊನೆಯ ಪ್ರಮೇಯ ಅಂತ ಕೇಳಿರುತ್ತೀರಿ, ಅದೇನು ಅಂತ ಮುಂದೆ ಬಿಡಿಸಿ ಹೇಳುತ್ತೇನೆ. ಸೋಫಿ ಜೆರ್ಮೇನ್ ಬರುವ ತನಕ ಅದನ್ನು ಒಂದೊಂದು ಘಾತಕ್ಕೆ ಬಿಡಿಬಿಡಿಯಾಗಿ ಸಾಧಿಸಲು ನೋಡುತ್ತಿದ್ದರು. ಸಾಲು ಸಾಲು ಘಾತಗಳನ್ನು ಒಟ್ಟಿಗೆ ಹಿಡಿಯುವ ದಾರಿಯನ್ನು ಮೊದಲು ತೋರಿಸಿದವರು ಅವರು. ಐಫೆಲ್ ಗೋಪುರದ ಮಾತು ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಗಳು ಆ ಕತೆಗಳನ್ನು ಬಿಡಬೇಕಾಗಿಲ್ಲ, ಅವು ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಬಾರದು. ಸೋಫಿಗೆ ಯಾವ ತರಗತಿಯಲ್ಲೂ ಕೂರಲು ಆಗಲಿಲ್ಲ. ಅದರ ಗುರುತು ಅವರ ಗಣಿತದೊಳಗೇ ಇದೆ. ಪುಸ್ತಕ ಓದಿ, ಒಬ್ಬರೇ ಕೂತು ಯೋಚಿಸಿದರೆ ಸಾಕಾಗುವ ಕಡೆ ಅವರು ತಮ್ಮ ಕಾಲದ ಗಂಡಸರಿಗಿಂತ ಮುಂದೆ ಹೋದರು. ಪಕ್ಕದಲ್ಲಿ ಕೂತು ತಿದ್ದುವವರು ಬೇಕಿದ್ದ ಕಡೆ ಎಡವಿದರು. ಈ ಎರಡನ್ನೂ ಒಂದೊಂದು ಉದಾಹರಣೆ ಹಿಡಿದು ತೋರಿಸುತ್ತೇನೆ. ಪ್ರಾಜೆಕ್ಟ್‌ಗೆ ಇದೇ ಎಳೆ ಸಾಕು.

ಮೊದಲು ಬಾಲ್ಯದ ಮಾತು ಮುಗಿಸಿಬಿಡೋಣ. ಸೋಫಿ ಹುಟ್ಟಿದ್ದು 1776ರ ಏಪ್ರಿಲ್ 1ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅನುಕೂಲಸ್ಥ ವ್ಯಾಪಾರಿ. 1789ರಲ್ಲಿ ಜನಪ್ರತಿನಿಧಿಯಾಗಿ ಆರಿಸಿ ಬಂದವರು. ಅದೇ ವರ್ಷ ಕ್ರಾಂತಿ ಶುರುವಾಯಿತು. ಬೀದಿ ತುಂಬ ಗಲಾಟೆ. 13 ವರ್ಷದ ಹುಡುಗಿ ಮನೆಯಲ್ಲೇ, ಅಪ್ಪನ ಪುಸ್ತಕಗಳ ಕೋಣೆಯಲ್ಲಿ ಕಾಲ ಕಳೆದಳು. ಅಲ್ಲಿ ಆರ್ಕಿಮಿಡೀಸ್ ಸತ್ತ ಕತೆ ಓದಿದಳು. ರೋಮನ್ ಸೈನಿಕ ಎದುರು ಬಂದು ನಿಂತರೂ ಆತ ತಾನು ಬರೆಯುತ್ತಿದ್ದ ಆಕೃತಿಯಿಂದ ಗಮನ ತೆಗೆಯಲಿಲ್ಲವಂತೆ. ಪ್ರಾಣ ಹೋಗುವಾಗಲೂ ಮನಸ್ಸನ್ನು ಬಿಡದ ಈ ವಿದ್ಯೆ ಏನಿರಬಹುದು ಅನ್ನಿಸಿ ಗಣಿತಕ್ಕೆ ಕೈ ಹಾಕಿದಳು. ನ್ಯೂಟನ್, ಆಯ್ಲರ್ ಬರೆದದ್ದು ಲ್ಯಾಟಿನ್‌ನಲ್ಲಿ. ಹಾಗಾಗಿ ಲ್ಯಾಟಿನ್ನನ್ನೂ ತಾನೇ ಕಲಿತಳು.

ಮನೆಯವರಿಗೆ ಇದು ಇಷ್ಟವಿರಲಿಲ್ಲ. ರಾತ್ರಿ ಓದಬಾರದು ಅಂತ ಕೋಣೆಯ ಬೆಂಕಿ ಆರಿಸಿ, ಬಟ್ಟೆ, ಮೇಣದಬತ್ತಿ ಎಲ್ಲ ತೆಗೆದಿಡುತ್ತಿದ್ದರು. ಅವರು ಮಲಗಿದ ಮೇಲೆ ಹುಡುಗಿ ರಜಾಯಿ ಹೊದ್ದು, ಬಚ್ಚಿಟ್ಟ ಮೇಣದಬತ್ತಿ ಹಚ್ಚಿ ಓದುತ್ತಿದ್ದಳು. ದೌತಿಯಲ್ಲಿ ಇಂಕು ಹೆಪ್ಪುಗಟ್ಟುವಷ್ಟು ಚಳಿ ಇರುತ್ತಿತ್ತಂತೆ. ಇದನ್ನು ಬರೆದಿಟ್ಟವರು ಮುಂದೆ ಅವರ ಸ್ನೇಹಿತರಾದ ಇಟಲಿಯ ಗಣಿತಜ್ಞ ಲಿಬ್ರಿ. ಕೊನೆಗೆ ಮನೆಯವರೇ ಸೋತರು. ಅಪ್ಪ ಆಮೇಲೆ ಮಗಳ ಖರ್ಚುವೆಚ್ಚವನ್ನೆಲ್ಲ ನೋಡಿಕೊಂಡರು. ಸೋಫಿ ಮದುವೆಯಾಗಲಿಲ್ಲ. ಯಾವ ಕೆಲಸಕ್ಕೂ ಅವರನ್ನು ಯಾರೂ ತೆಗೆದುಕೊಳ್ಳಲಿಲ್ಲ. ಜೀವನವಿಡೀ ಮನೆಯ ದುಡ್ಡಿನಲ್ಲೇ ಗಣಿತ ಮಾಡಿದರು.

1794ರಲ್ಲಿ ಪ್ಯಾರಿಸ್‌ನಲ್ಲಿ ಎಕೋಲ್ ಪಾಲಿಟೆಕ್ನಿಕ್ ಶುರುವಾಯಿತು. ದೇಶದ ದೊಡ್ಡ ದೊಡ್ಡ ಗಣಿತಜ್ಞರೆಲ್ಲ ಅಲ್ಲಿ ಪಾಠ ಮಾಡುತ್ತಿದ್ದರು. ಹೆಣ್ಣುಮಕ್ಕಳಿಗೆ ಪ್ರವೇಶ ಇರಲಿಲ್ಲ. 18 ವರ್ಷದ ಸೋಫಿ ಪಾಠದ ಟಿಪ್ಪಣಿಗಳನ್ನು ಹೇಗೋ ತರಿಸಿಕೊಂಡು ಓದಿದರು. ವಿದ್ಯಾರ್ಥಿಗಳು ಕೊನೆಯಲ್ಲಿ ತಮ್ಮ ಅಭಿಪ್ರಾಯ ಬರೆದುಕೊಡುವ ಪದ್ಧತಿ ಇತ್ತು. ಲಗ್ರಾಂಜ್ ಅವರ ಪಾಠಕ್ಕೆ ಸೋಫಿಯೂ ಬರೆದು ಕಳಿಸಿದರು, ಲೆ ಬ್ಲಾಂಕ್ ಅನ್ನುವ ಹುಡುಗನ ಹೆಸರಿನಲ್ಲಿ. ಲಗ್ರಾಂಜ್‌ಗೆ ಮೆಚ್ಚುಗೆಯಾಯಿತು. ಬರೆದವರು ಯಾರು ಅಂತ ಗೊತ್ತಾದ ಮೇಲೂ ಅದು ಕಡಿಮೆಯಾಗಲಿಲ್ಲ. ಬಂದು ಭೇಟಿ ಮಾಡಿ ಹೊಗಳಿದರು.

ಸುದ್ದಿ ಹರಡಿತು. ಪ್ಯಾರಿಸ್‌ನ ವಿದ್ವಾಂಸರು ಈ ಹುಡುಗಿಯನ್ನು ನೋಡಲು ಬರತೊಡಗಿದರು. ಅದರಿಂದ ಆದ ಲಾಭ ಮಾತ್ರ ಕಡಿಮೆ. ಖಗೋಳಶಾಸ್ತ್ರಜ್ಞ ಲಲಾಂದ್ 1797ರಲ್ಲಿ ಬಂದವರು, ಗಣಿತಜ್ಞ ಲಾಪ್ಲಾಸ್‌ನ ಗ್ರಂಥ ನಿಮಗೆ ಅರ್ಥವಾಗಬೇಕಾದರೆ ಮೊದಲು ಹೆಂಗಸರಿಗಾಗಿ ನಾನು ಬರೆದಿರುವ ಪುಸ್ತಕ ಓದಿ ಅನ್ನುವ ಅರ್ಥದ ಮಾತಾಡಿದರು. ಸೋಫಿಗೆ ಸಿಟ್ಟು ಬಂತು. ಲಲಾಂದ್ ಪತ್ರ ಬರೆದು ಕ್ಷಮೆ ಕೇಳಬೇಕಾಯಿತು. ನನಗೆ ಇದು ಮೇಣದಬತ್ತಿಯ ಕತೆಗಿಂತ ಮುಖ್ಯ ಅನಿಸುತ್ತದೆ. ಬಂದವರು ಬೆರಗಾಗಿ ನೋಡಿದರು, ಹೊಗಳಿದರು, ಎದ್ದು ಹೋದರು. ಕೂತು ಕ್ರಮವಾಗಿ ಪಾಠ ಹೇಳಿಕೊಟ್ಟವರು ಯಾರೂ ಇಲ್ಲ.

ಇನ್ನು ಗೌಸ್. 1801ರಲ್ಲಿ ಜರ್ಮನಿಯ ಗೌಸ್ ಸಂಖ್ಯಾಸಿದ್ಧಾಂತದ ಬಗ್ಗೆ ಒಂದು ದೊಡ್ಡ ಗ್ರಂಥ ಹೊರತಂದರು. ಆಗ ಅವರಿಗೆ 24 ವರ್ಷ. ಅದನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡವರು ಯೂರೋಪಿನಲ್ಲೇ ಬೆರಳೆಣಿಕೆಯಷ್ಟು ಜನ. ಸೋಫಿ ಅವರಲ್ಲೊಬ್ಬರು. 1804ರ ನವೆಂಬರ್ 21ರಂದು ಗೌಸ್‌ಗೆ ಮೊದಲ ಪತ್ರ ಬರೆದರು, ಮತ್ತೆ ಲೆ ಬ್ಲಾಂಕ್ ಹೆಸರಿನಲ್ಲೇ. ಗೌಸ್ ಖುಷಿಯಾಗಿ ಉತ್ತರ ಕೊಟ್ಟರು. 1806ರಲ್ಲಿ ನೆಪೋಲಿಯನ್ ಸೇನೆ ಪ್ರಷ್ಯಾದ ಮೇಲೆ ನುಗ್ಗಿತು. ಗೌಸ್ ಇದ್ದ ಬ್ರನ್ಸ್‌ವಿಕ್ ಫ್ರೆಂಚರ ವಶವಾಯಿತು. ಆರ್ಕಿಮಿಡೀಸ್‌ಗೆ ಆದದ್ದು ಇವರಿಗೂ ಆದರೆ ಅಂತ ಸೋಫಿಗೆ ಹೆದರಿಕೆ. ಮನೆಯವರಿಗೆ ಪರಿಚಯವಿದ್ದ ಪೆರ್ನೆತಿ ಅನ್ನುವ ಸೇನಾಧಿಕಾರಿಗೆ ಬರೆದು, ಗೌಸ್ ಕ್ಷೇಮ ನೋಡಿಕೊಳ್ಳಿ ಅಂತ ಕೇಳಿಕೊಂಡರು. ಅವರು ಕಳಿಸಿದ ಅಧಿಕಾರಿ ಹೋಗಿ ಸೋಫಿ ಜೆರ್ಮೇನ್ ಹೆಸರು ಹೇಳಿದಾಗ ಗೌಸ್, ಅವರು ಯಾರೋ ನನಗೆ ಗೊತ್ತಿಲ್ಲ ಅಂದರು. ಹೀಗೆ ಗುಟ್ಟು ಹೊರಬಂತು. 1807ರ ಫೆಬ್ರವರಿ 20ರಂದು ಸೋಫಿ ತಾವೇ ನಿಜ ಹೆಸರು ತಿಳಿಸಿ ಬರೆದರು.

ಗೌಸ್ ಉತ್ತರ ಬಂದದ್ದು ಏಪ್ರಿಲ್ 30ಕ್ಕೆ. ನಮ್ಮ ರೂಢಿ, ಪೂರ್ವಗ್ರಹಗಳಿಂದಾಗಿ ಗಂಡಸಿಗಿಂತ ಎಷ್ಟೋ ಪಾಲು ಹೆಚ್ಚು ಅಡ್ಡಿಗಳನ್ನು ಎದುರಿಸುವ ಹೆಣ್ಣೊಬ್ಬಳು ಇಷ್ಟು ಆಳಕ್ಕೆ ಇಳಿದಿದ್ದರೆ, ಅವಳಲ್ಲಿ ಅಸಾಮಾನ್ಯ ಧೈರ್ಯ, ಪ್ರತಿಭೆ ಇರಲೇಬೇಕು ಅಂತ ಅವರು ಬರೆದರು. ಎಲ್ಲರೂ ಈ ಭಾಗವನ್ನು ಮಾತ್ರ ಹೇಳಿ ಮುಗಿಸುತ್ತಾರೆ. ಅದೇ ಪತ್ರದಲ್ಲಿ ಗೌಸ್ ಸೋಫಿಯ ಒಂದು ತಪ್ಪನ್ನೂ ತಿದ್ದಿದ್ದಾರೆ. ಹೊಗಳಿಕೆ ಬರೀ ಮರ್ಯಾದೆಯ ಮಾತೋ ಅನ್ನುವ ನಿಮ್ಮ ಅನುಮಾನಕ್ಕೆ ಉತ್ತರ ಇರುವುದು ಇಲ್ಲೇ.

ಸೋಫಿ ಹೇಳಿದ್ದು ಇದು. ಎರಡು ಸಂಖ್ಯೆಗಳ 11ನೇ ಘಾತಗಳನ್ನು ಕೂಡಿದಾಗ, ಆ ಮೊತ್ತವನ್ನು ‘ಒಂದು ವರ್ಗ + ಇನ್ನೊಂದು ವರ್ಗದ 11 ಪಟ್ಟು’ ಅಂತ ಬರೆಯಲು ಬಂದರೆ, ಆ ಎರಡು ಸಂಖ್ಯೆಗಳ ಮೊತ್ತವನ್ನೂ ಹಾಗೇ ಬರೆಯಲು ಬರಬೇಕು. (ಅವರು 11ಕ್ಕೆ ಮಾತ್ರವಲ್ಲ, ಸಾಮಾನ್ಯವಾಗಿ ಹೇಳಿದ್ದರು. ಉದಾಹರಣೆಗೆ 11 ತೆಗೆದುಕೊಂಡವರು ಗೌಸ್.) ಗೌಸ್ 15 ಮತ್ತು 8 ಆರಿಸಿಕೊಂಡರು. 15ರ 11ನೇ ಘಾತಕ್ಕೆ 8ರ 11ನೇ ಘಾತ ಕೂಡಿದರೆ 8658345793967. ಇದು 1595826ರ ವರ್ಗಕ್ಕೆ 745391ರ ವರ್ಗದ 11 ಪಟ್ಟು ಕೂಡಿದ್ದಕ್ಕೆ ಸರಿಸಮ. ಆದರೆ 15 + 8 ಅಂದರೆ 23. 23ರಲ್ಲಿ 11 ಕಳೆದರೆ 12 ಉಳಿಯುತ್ತದೆ, ಅದು ವರ್ಗವಲ್ಲ. ಏನೂ ಕಳೆಯದಿದ್ದರೆ 23, ಅದೂ ವರ್ಗವಲ್ಲ. 44 ಕಳೆಯಲು ಸಾಧ್ಯವೇ ಇಲ್ಲ. ಹಾಗಾಗಿ ಸೋಫಿಯ ಮಾತು ನಿಲ್ಲುವುದಿಲ್ಲ. ಮಗಳಿಗೆ ಕ್ಯಾಲ್ಕುಲೇಟರ್ ಕೊಟ್ಟು ಇದನ್ನು ತಾಳೆ ನೋಡಲು ಹೇಳಿ. 1807ರಲ್ಲಿ ಇದನ್ನು ಕೈಯಲ್ಲೇ ಮಾಡಿದ್ದು ಅಂತ ನೆನೆದರೆ ಮೈ ಜುಮ್ ಅನ್ನುತ್ತದೆ. ಸುಮ್ನೆ ಹೊಗಳಿ ಸಾಗಹಾಕಬೇಕೆಂದಿದ್ದರೆ ಯಾರೂ ಇಷ್ಟು ಕಷ್ಟಪಟ್ಟು ಲೆಕ್ಕ ಮಾಡಿ ತಪ್ಪು ತೋರಿಸುವುದಿಲ್ಲ, ಅಲ್ವಾ? ಗೌಸ್ ಸೋಫಿಯನ್ನು ಗಣಿತಜ್ಞರಿಗೆ ಕೊಡುವ ಗೌರವದಿಂದಲೇ ನಡೆಸಿಕೊಂಡರು.

ಆದರೆ ಅದು ಹೆಚ್ಚು ದಿನ ನಡೆಯಲಿಲ್ಲ. ಗೌಸ್ ಗಟಿಂಗೆನ್‌ನಲ್ಲಿ ಖಗೋಳಶಾಸ್ತ್ರದ ಕೆಲಸಕ್ಕೆ ಸೇರಿದರು. ಪತ್ರಗಳು ನಿಂತವು. ಇಬ್ಬರೂ ಯಾವತ್ತೂ ಮುಖತಃ ಭೇಟಿಯಾಗಲಿಲ್ಲ.

ಈಗ ಅವರು ಎಡವಿದ ಕಡೆಗೆ ಬರೋಣ. 1808ರಲ್ಲಿ ಕ್ಲಾಡ್ನಿ ಅನ್ನುವ ಜರ್ಮನ್ ವಿಜ್ಞಾನಿ ಪ್ಯಾರಿಸ್‌ಗೆ ಬಂದರು. ಅವರ ಪ್ರಯೋಗ ನೋಡಲು ಬಲು ಚೆಂದ. ಗಾಜಿನದೋ ಲೋಹದ್ದೋ ಒಂದು ತೆಳು ಹಾಳೆಯನ್ನು ನಡುವೆ ಹಿಡಿದು, ಮೇಲೆ ಸಣ್ಣ ಮರಳು ಉದುರಿಸುತ್ತಾರೆ. ಅಂಚಿಗೆ ಪಿಟೀಲಿನ ಕಮಾನು ಎಳೆಯುತ್ತಾರೆ. ಹಾಳೆ ನಾದ ಮಾಡುತ್ತದೆ, ಮರಳು ಕುಣಿಯುತ್ತದೆ. ಹಾಳೆ ಅಲುಗದೆ ಇರುವ ಗೆರೆಗಳ ಮೇಲೆ ಮರಳು ಬಂದು ನಿಲ್ಲುತ್ತದೆ. ನಕ್ಷತ್ರ, ಅಡ್ಡಗೆರೆ, ಬಳುಕುವ ಬಳ್ಳಿಯಂಥ ಚಿತ್ರಗಳು ಮೂಡುತ್ತವೆ. ಬೆರಳನ್ನು ಬೇರೆ ಜಾಗಕ್ಕೆ ಒತ್ತಿದರೆ ಸ್ವರವೂ ಬದಲು, ಚಿತ್ರವೂ ಬದಲು. ನಮ್ಮ ಸಿ. ವಿ. ರಾಮನ್ ಕೂಡ 1934ರಲ್ಲಿ, ಬೆಂಗಳೂರಿನಲ್ಲಿದ್ದಾಗ, ಮೃದಂಗ, ತಬಲಾಗಳ ಚರ್ಮದ ಮೇಲೆ ಹೀಗೇ ಮರಳು ಉದುರಿಸಿ ಕಂಪನಗಳ ಚಿತ್ರ ತೆಗೆದು ಪ್ರಕಟಿಸಿದ್ದರು. ಮಗಳಿಗೆ ಆಸಕ್ತಿಯಿದ್ದರೆ ಅದನ್ನೂ ಹುಡುಕಬಹುದು.

ಕ್ಲಾಡ್ನಿ ಪ್ರಯೋಗವನ್ನು ನೆಪೋಲಿಯನ್ ತಾನೇ ಕೂತು ನೋಡಿದ. ಈ ಚಿತ್ರಗಳು ಹೀಗೇ ಯಾಕೆ ಬರುತ್ತವೆ ಅನ್ನುವುದಕ್ಕೆ ಗಣಿತದ ವಿವರಣೆ ಯಾರ ಬಳಿಯೂ ಇರಲಿಲ್ಲ. 1809ರಲ್ಲಿ ಫ್ರಾನ್ಸಿನ ವಿಜ್ಞಾನ ಸಂಸ್ಥೆ ಇದಕ್ಕೆ ಬಹುಮಾನ ಸಾರಿತು, 3000 ಫ್ರಾಂಕ್ ಬೆಲೆಯ ಚಿನ್ನದ ಪದಕ. ಕಂಪಿಸುವ ಹಾಳೆಗೆ ಗಣಿತದ ಸಿದ್ಧಾಂತ ಕೊಡಬೇಕು, ಅದು ಪ್ರಯೋಗಕ್ಕೆ ಹೊಂದಬೇಕು. ಈಗಿರುವ ಗಣಿತ ಇದಕ್ಕೆ ಸಾಲದು ಅಂತ ಲಗ್ರಾಂಜ್ ಹೇಳಿದ್ದೇ ತಡ, ಮಿಕ್ಕವರೆಲ್ಲ ಹಿಂದೆ ಸರಿದರು. ಗಡುವು ಮುಗಿದಾಗ, 1811ರಲ್ಲಿ, ಬಂದಿದ್ದು ಒಂದೇ ಪ್ರಬಂಧ. ಅದು ಸೋಫಿಯದು.

ಅವರ ಮೂಲ ಯೋಚನೆ ಬಹಳ ಚೆನ್ನಾಗಿತ್ತು. ಹಾಳೆಯನ್ನು ಬಗ್ಗಿಸಿದರೆ ಅದು ಮತ್ತೆ ನೇರವಾಗಲು ನೋಡುತ್ತದೆ. ಹಾಗೆ ತಳ್ಳುವ ಬಲ ಯಾವುದನ್ನು ಅವಲಂಬಿಸಿರುತ್ತದೆ? ಆ ಜಾಗದಲ್ಲಿ ಹಾಳೆ ಎಷ್ಟು ಬಾಗಿದೆ ಅನ್ನುವುದನ್ನು. ಆದರೆ ಹಾಳೆ ಒಂದೊಂದು ದಿಕ್ಕಿನಲ್ಲಿ ಒಂದೊಂದು ಥರ ಬಾಗಿರಬಹುದು. ಅತಿ ಹೆಚ್ಚು ಬಾಗಿದ ದಿಕ್ಕು, ಅತಿ ಕಡಿಮೆ ಬಾಗಿದ ದಿಕ್ಕು, ಈ ಎರಡರ ವಕ್ರತೆಗಳನ್ನು ಕೂಡಿದ ಮೊತ್ತಕ್ಕೆ ತಕ್ಕಂತೆ ಬಲ ಇರುತ್ತದೆ ಅಂದರು ಸೋಫಿ. ಈ ಮೊತ್ತದ ಅರ್ಧ, ಅಂದರೆ ಆ ಎರಡು ವಕ್ರತೆಗಳ ಸರಾಸರಿ, ಮುಂದೆ ಜ್ಯಾಮಿತಿಯಲ್ಲಿ ದೊಡ್ಡ ವಿಷಯವಾಗಿ ಬೆಳೆಯಿತು.

ತೊಡಕಾದದ್ದು ಆ ಯೋಚನೆಯಿಂದ ಸಮೀಕರಣಕ್ಕೆ ಹೋಗುವ ದಾರಿಯಲ್ಲಿ. ಅದಕ್ಕೆ ಬೇಕಾದ ಕಲನಶಾಸ್ತ್ರದ ಒಂದು ವಿಭಾಗ ಆಗಿನ್ನೂ ಹೊಸದು. ಅದು ಬೆಳೆದದ್ದು ಆಯ್ಲರ್, ಲಗ್ರಾಂಜ್ ಅವರ ಕೈಯಲ್ಲಿ. ಅದರ ಪಳಗಿಕೆ ಬರುವುದು ಗುರುಗಳ ಎದುರು ಲೆಕ್ಕ ಮಾಡಿ ಮಾಡಿ. ಸೋಫಿಗೆ ಆ ಅವಕಾಶ ಎಲ್ಲಿ ಸಿಗಬೇಕು? ಒಂದು ಎಳೆಯಂಥ ಕಡ್ಡಿಗೆ ಆಯ್ಲರ್ ಮಾಡಿದ್ದನ್ನು ಅಗಲವಿರುವ ಹಾಳೆಗೆ ಹಿಗ್ಗಿಸುವಾಗ ಅವರ ಲೆಕ್ಕ ತಪ್ಪಿತು. ತೀರ್ಪುಗಾರರು ಬಹುಮಾನ ಕೊಡಲಿಲ್ಲ. ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಲಗ್ರಾಂಜ್, ಸೋಫಿಯ ಕಲ್ಪನೆಯನ್ನೇ ಹಿಡಿದು ಸರಿಯಾದ ಸಮೀಕರಣ ಏನು ಬರುತ್ತದೆ ಅಂತ ಬರೆದು ತೋರಿಸಿದರು. ಇವತ್ತಿಗೂ ಅದನ್ನು ಇಬ್ಬರ ಹೆಸರಿನಲ್ಲೂ ಕರೆಯುವುದುಂಟು.

ಗಡುವು ಮುಂದೂಡಿದರು. 1813ರಲ್ಲಿ ಸೋಫಿ ಮತ್ತೆ ಬರೆದರು. ಈ ಸಲ ಸಮೀಕರಣ ಸರಿ ಇತ್ತು, ಪ್ರಯೋಗಗಳಿಗೂ ಚೆನ್ನಾಗಿ ಹೊಂದಿತು, ಅದು ಬರುವ ದಾರಿ ಮಾತ್ರ ತೀರ್ಪುಗಾರರಿಗೆ ಒಪ್ಪಿಗೆಯಾಗಲಿಲ್ಲ. ಗೌರವದ ಉಲ್ಲೇಖ ಸಿಕ್ಕಿತು. ಅಷ್ಟರಲ್ಲಿ ಗಣಿತಜ್ಞ ಪ್ವಾಸೊನ್ ಅದೇ ವಿಷಯಕ್ಕೆ ತಮ್ಮದೇ ಪ್ರಬಂಧ ತಂದರು. ಸಂಸ್ಥೆಯ ಸದಸ್ಯರಾಗಿದ್ದ ಅವರು ಸ್ಪರ್ಧೆಗೆ ನಿಲ್ಲುವ ಹಾಗಿರಲಿಲ್ಲ. ಆದರೆ ಸೋಫಿ ಹಿಡಿದಿದ್ದ ವಿಷಯವನ್ನೇ ಸಂಸ್ಥೆಯ ಒಳಗಿನಿಂದ ತಾವೂ ಮಂಡಿಸಿದರು. ಸೋಫಿಯ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೋಫಿಯೊಂದಿಗೆ ಎದುರಾಎದುರು ಚರ್ಚೆ ಮಾಡಲಿಲ್ಲ. ಒಳಗಿರುವವರಿಗೂ ಹೊರಗಿರುವವರಿಗೂ ಇದ್ದ ಅಂತರ ಇಲ್ಲಿ ನನಗೆ ಬಹಳ ಚುಚ್ಚುತ್ತದೆ.

ಮೂರನೇ ಪ್ರಬಂಧಕ್ಕೆ, 1816ರ ಜನವರಿ 8ರಂದು, ಬಹುಮಾನ ಸೋಫಿಗೇ ಬಂತು. ಆ ಸಂಸ್ಥೆಯ ಬಹುಮಾನ ಗೆದ್ದ ಮೊದಲ ಮಹಿಳೆ ಅವರು. ತೀರ್ಪುಗಾರರು ಕೊಡುವಾಗಲೂ ಸಾಧನೆ (ಅಂದರೆ ಗಣಿತದ ರುಜುವಾತು) ಪೂರ್ತಿ ಬಿಗಿಯಾಗಿಲ್ಲ ಅಂತ ಮಾತು ಸೇರಿಸಿದ್ದರು. ಸಮಾರಂಭಕ್ಕೆ ಸೋಫಿ ಹೋಗಲಿಲ್ಲ. 1821ರಲ್ಲಿ ಆ ಕೆಲಸವನ್ನು ತಮ್ಮದೇ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಹಾಳೆಯ ಅಂಚಿನಲ್ಲಿ ಏನಾಗುತ್ತದೆ ಅನ್ನುವ ತೊಡಕು ಉಳಿದೇ ಇತ್ತು. ಅದನ್ನು ಸರಿಯಾಗಿ ಬಿಡಿಸಿದ್ದು 1850ರಲ್ಲಿ, ಜರ್ಮನಿಯ ಭೌತವಿಜ್ಞಾನಿ ಕಿರ್ಖಾಫ್.

ಐಫೆಲ್ ಗೋಪುರದ ಮಾತು ಹುಟ್ಟಿಕೊಂಡಿದ್ದು ಇಲ್ಲಿಂದ. ಗೋಪುರದ ಮೊದಲ ಅಂತಸ್ತಿನ ಕೆಳಗೆ ಸುತ್ತಲೂ 72 ವಿಜ್ಞಾನಿಗಳ, ಇಂಜಿನಿಯರುಗಳ ಹೆಸರು ಕೆತ್ತಿದರು. ಲಗ್ರಾಂಜ್, ಲಾಪ್ಲಾಸ್, ಲೆಜಾಂಡ್ರ, ಪ್ವಾಸೊನ್, ಫೂರಿಯೆ ಎಲ್ಲರೂ ಅದರಲ್ಲಿದ್ದಾರೆ. ಸೋಫಿಯ ಪ್ರಬಂಧಕ್ಕೆ ತೀರ್ಪು ಕೊಟ್ಟವರಿದ್ದಾರೆ, ಸೋಫಿ ಇಲ್ಲ. 1889ರಲ್ಲಿ ಗೋಪುರ ತೆರೆದಾಗ ಆ 72ರಲ್ಲಿ ಒಂದೂ ಹೆಣ್ಣು ಹೆಸರಿರಲಿಲ್ಲ. ಅದು ಅನ್ಯಾಯ. ಆದರೆ ಅದನ್ನು ಹೇಳಲು ಅವರಿಲ್ಲದಿದ್ದರೆ ಗೋಪುರವೇ ನಿಲ್ಲುತ್ತಿರಲಿಲ್ಲ ಅನ್ನಬೇಕಾಗಿಲ್ಲ. ಅದು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿದ ಚೌಕಟ್ಟು. ಸೋಫಿ ಲೆಕ್ಕ ಮಾಡಿದ್ದು ಕಂಪಿಸುವ ತೆಳು ಹಾಳೆಗಳನ್ನು. ಸ್ಥಿತಿಸ್ಥಾಪಕತೆಯ ಸಿದ್ಧಾಂತಕ್ಕೆ ಮೊದಲ ಹೆಜ್ಜೆ ಹಾಕಿದವರಲ್ಲಿ ಒಬ್ಬರು ಅಂದರೆ ಸಾಕು, ಅದು ನಿಜವೂ ಹೌದು. ಪ್ರಾಜೆಕ್ಟ್‌ನಲ್ಲಿ ಆ ವಾಕ್ಯ ಇದ್ದರೆ ತೆಗೆಸಿಬಿಡಿ.

ಇನ್ನು ಅವರ ದೊಡ್ಡ ಕೆಲಸ. ಎರಡು ವರ್ಗಗಳನ್ನು ಕೂಡಿದರೆ ಇನ್ನೊಂದು ವರ್ಗ ಬರುವುದುಂಟು. 9 + 16 = 25. ಘನಗಳಿಗೆ ಹೀಗಾಗುವುದಿಲ್ಲ, ನಾಲ್ಕನೇ ಘಾತಕ್ಕೂ ಆಗುವುದಿಲ್ಲ, 2ಕ್ಕಿಂತ ದೊಡ್ಡ ಯಾವ ಘಾತಕ್ಕೂ ಆಗುವುದಿಲ್ಲ ಅಂತ 17ನೇ ಶತಮಾನದಲ್ಲಿ ಫರ್ಮಾ ಬರೆದಿಟ್ಟ. ಇಲ್ಲಿ ಸಂಖ್ಯೆಗಳೆಂದರೆ ಸೊನ್ನೆಯಲ್ಲದ ಪೂರ್ಣಾಂಕಗಳು. 4ನೇ ಘಾತಕ್ಕೆ ಫರ್ಮಾನದೇ ಸಾಧನೆ ಇತ್ತು. 3ಕ್ಕೆ ಆಯ್ಲರ್ ಕೊಟ್ಟರು. ಅಲ್ಲಿಗೆ ನಿಂತಿತ್ತು. ಹೀಗೆ ಒಂದೊಂದಕ್ಕೂ ಹೊಸ ಉಪಾಯ ಹುಡುಕುತ್ತಾ ಹೋದರೆ ಮುಗಿಯುವುದೆಂದು?

ಸೋಫಿ ಬೇರೆ ದಾರಿ ಹಿಡಿದರು. 5ನೇ ಘಾತವನ್ನು ತೆಗೆದುಕೊಂಡು ತೋರಿಸುತ್ತೇನೆ. 5ರ ಜೊತೆಗೆ 11 ಅನ್ನುವ ಅವಿಭಾಜ್ಯ ಸಂಖ್ಯೆಯನ್ನು ಸಹಾಯಕ್ಕೆ ಕರೆದುಕೊಳ್ಳಿ. ಯಾವುದೇ ಸಂಖ್ಯೆಯ 5ನೇ ಘಾತವನ್ನು 11ರಿಂದ ಭಾಗಿಸಿ, ಶೇಷ ನೋಡಿ. 2ರ 5ನೇ ಘಾತ 32, ಶೇಷ 10. 3ರದು 243, ಶೇಷ 1. 4ರದು 1024, ಶೇಷ 1. 5ರದು 3125, ಶೇಷ 1. 6ರದು 7776, ಶೇಷ 10. ಹೀಗೇ ಎಷ್ಟು ದೂರ ಹೋದರೂ 0, 1, 10 ಬಿಟ್ಟು ಬೇರೆ ಶೇಷ ಬರುವುದೇ ಇಲ್ಲ. 0 ಬರುವುದು ಆ ಸಂಖ್ಯೆ 11ರಿಂದ ಭಾಗವಾದಾಗ ಮಾತ್ರ.

ಈಗ ಎರಡು 5ನೇ ಘಾತಗಳನ್ನು ಕೂಡಿದರೆ ಮೂರನೆಯದೊಂದು 5ನೇ ಘಾತ ಬಂತು ಅಂತಿಟ್ಟುಕೊಳ್ಳಿ. ಮೂರರಲ್ಲಿ ಯಾವುದೂ 11ರಿಂದ ಭಾಗವಾಗದಿದ್ದರೆ ಎಡಗಡೆಯ ಶೇಷಗಳು 1 ಅಥವಾ 10. ಕೂಡಿದರೆ 1 + 1 = 2, ಅಥವಾ 1 + 10 = 11, ಅಂದರೆ ಶೇಷ 0, ಅಥವಾ 10 + 10 = 20, ಅಂದರೆ ಶೇಷ 9. ಬಲಗಡೆ ಬೇಕಾದದ್ದು 1 ಅಥವಾ 10. ಯಾವುದೂ ಹೊಂದುವುದಿಲ್ಲ! ಹಾಗಾದರೆ ಆ ಮೂರು ಸಂಖ್ಯೆಗಳಲ್ಲಿ ಒಂದು 11ರಿಂದ ಭಾಗವಾಗಲೇಬೇಕು. ಹೈಸ್ಕೂಲು ಮಕ್ಕಳಿಗೂ ಅರ್ಥವಾಗುವ ಲೆಕ್ಕ ಇದು. ಆದರೆ ಇದನ್ನು ಹೀಗೆ ನೋಡಬೇಕು ಅಂತ ಹೊಳೆಯುವುದು ಸಣ್ಣ ಮಾತಲ್ಲ.

ಸೋಫಿ ಇದನ್ನು ಯಾವುದೇ ಅವಿಭಾಜ್ಯ ಘಾತಕ್ಕೂ ಹೊಂದುವ ಹಾಗೆ ಎರಡು ಷರತ್ತುಗಳಾಗಿ ಬರೆದರು. ಒಂದು, ಸಹಾಯಕ ಸಂಖ್ಯೆಯಿಂದ ಭಾಗಿಸಿದಾಗ ಬರುವ ಶೇಷಗಳಲ್ಲಿ, 0 ಬಿಟ್ಟು, ಅಕ್ಕಪಕ್ಕದ ಎರಡು ಸಂಖ್ಯೆಗಳು ಇರಬಾರದು. ಇನ್ನೊಂದು, ಘಾತದ ಸಂಖ್ಯೆಯೇ ಆ ಶೇಷಗಳ ಪಟ್ಟಿಯಲ್ಲಿ ಇರಬಾರದು. 5 ಮತ್ತು 11ಕ್ಕೆ ಎರಡೂ ಸರಿಯಾಗಿವೆ. 1, 10 ಅಕ್ಕಪಕ್ಕದವಲ್ಲ, 5 ಪಟ್ಟಿಯಲ್ಲಿಲ್ಲ. ಇಂಥ ಒಂದೇ ಒಂದು ಸಹಾಯಕ ಸಂಖ್ಯೆ ಸಿಕ್ಕರೂ ಸಾಕು, ಫರ್ಮಾನ ಸಮೀಕರಣಕ್ಕೆ ಉತ್ತರ ಇದ್ದರೆ ಆ ಮೂರು ಸಂಖ್ಯೆಗಳಲ್ಲಿ ಒಂದು ಘಾತದ ಸಂಖ್ಯೆಯಿಂದಲೇ ಭಾಗವಾಗಬೇಕು ಅಂತ ಸಾಧಿಸಿದರು. ಮೂರೂ ಭಾಗವಾಗದ ಸಾಧ್ಯತೆ, ಅಂದರೆ ಸಮಸ್ಯೆಯ ಒಂದು ದೊಡ್ಡ ಪಾಲು, ಅಲ್ಲಿಗೆ ಮುಗಿಯಿತು. 100ಕ್ಕಿಂತ ಕಡಿಮೆ ಇರುವ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಸಹಾಯಕ ಸಂಖ್ಯೆಗಳನ್ನು ಹುಡುಕಿ ತೋರಿಸಿದರು. ಒಂದು 3, ಒಂದು 4 ಅಂತ ನಿಂತಿದ್ದ ಸಮಸ್ಯೆ ಒಂದೇ ಸಲಕ್ಕೆ ಅಷ್ಟು ದೂರ ಜಿಗಿಯಿತು.

ಎರಡರಿಂದ ಗುಣಿಸಿ ಒಂದು ಕೂಡಿದರೂ ಅವಿಭಾಜ್ಯವೇ ಬರುವ ಅವಿಭಾಜ್ಯಗಳಿಗೆ ಈ ಸಹಾಯಕ ಸಂಖ್ಯೆ ಸುಲಭವಾಗಿ ಸಿಗುತ್ತದೆ. 5ಕ್ಕೆ 11, 11ಕ್ಕೆ 23, 23ಕ್ಕೆ 47. ಅದಕ್ಕೇ 2, 3, 5, 11, 23, 29, 41, 53, 83, 89 ಹೀಗೆ ಸಾಗುವ ಈ ಸಂಖ್ಯೆಗಳಿಗೆ ಇಂದು ಸೋಫಿ ಜೆರ್ಮೇನ್ ಅವಿಭಾಜ್ಯಗಳು ಅಂತಲೇ ಹೆಸರು. ಇವು ಮುಗಿಯದೆ ಸಾಗುತ್ತವೆಯೋ ಇಲ್ಲವೋ ಇನ್ನೂ ಯಾರೂ ಸಾಧಿಸಿಲ್ಲ. ಅಂತರ್ಜಾಲದಲ್ಲಿ ಗುಟ್ಟಿನ ಕೀಲಿ ಹಂಚಿಕೊಳ್ಳುವ ಡಿಫಿ–ಹೆಲ್‌ಮನ್ ವಿಧಾನದಲ್ಲಿ ಇಂಥ ಜೋಡಿಗಳಿಗೆ ಬಹಳ ಬೇಡಿಕೆ.

1819ರ ಮೇ ತಿಂಗಳಲ್ಲಿ, ಎಷ್ಟೋ ವರ್ಷಗಳ ಮೇಲೆ, ಸೋಫಿ ಗೌಸ್‌ಗೆ ಮತ್ತೆ ಬರೆದರು. ಫರ್ಮಾ ಪ್ರಮೇಯವನ್ನು ಪೂರ್ತಿಯಾಗಿ ಸಾಧಿಸುವ ತಮ್ಮ ಯೋಜನೆಯನ್ನು ಅದರಲ್ಲಿ ಬಿಡಿಸಿಟ್ಟಿದ್ದಾರೆ. ಒಂದು ಘಾತಕ್ಕೆ ಕೊನೆಯಿಲ್ಲದಷ್ಟು ಸಹಾಯಕ ಸಂಖ್ಯೆಗಳು ಸಿಕ್ಕರೆ, ಆ ಪ್ರತಿಯೊಂದೂ ಮೂರು ಸಂಖ್ಯೆಗಳಲ್ಲಿ ಒಂದನ್ನು ಭಾಗಿಸಲೇಬೇಕು. ಯಾವ ಸಂಖ್ಯೆಗೂ ಕೊನೆಯಿಲ್ಲದಷ್ಟು ಅವಿಭಾಜ್ಯಗಳಿಂದ ಭಾಗವಾಗಲು ಆಗುವುದಿಲ್ಲ. ಅಲ್ಲಿಗೆ ಫರ್ಮಾ ಗೆದ್ದ. ಎಷ್ಟು ಅಂದವಾದ ಯೋಜನೆ ನೋಡಿ! ಅದು ಫಲಿಸಲಿಲ್ಲ. 3ನೇ ಘಾತಕ್ಕೆ 7 ಮತ್ತು 13 ಬಿಟ್ಟರೆ ಬೇರೆ ಸಹಾಯಕ ಸಂಖ್ಯೆಗಳೇ ಇಲ್ಲ ಅಂತ ಮುಂದೆ ಸೋಫಿಯೇ ಕಂಡುಕೊಂಡು ಲೆಜಾಂಡ್ರಗೆ ಬರೆದರು. ತಮ್ಮ ಕನಸಿನ ದಾರಿಗೆ ಅಡ್ಡ ಇರುವ ಗೋಡೆಯನ್ನು ತಾವೇ ಸಾಧಿಸಿ ತೋರಿಸಿದ್ದು ಕೂಡ ಗಣಿತವೇ. ಗೌಸ್ ಆ ಪತ್ರಕ್ಕೆ ಉತ್ತರ ಬರೆಯಲಿಲ್ಲ.

ಇಷ್ಟೆಲ್ಲ ಮಾಡಿಯೂ ಸೋಫಿ ಫರ್ಮಾ ಬಗ್ಗೆ ಏನನ್ನೂ ತಮ್ಮ ಹೆಸರಿನಲ್ಲಿ ಪ್ರಕಟಿಸಲಿಲ್ಲ. ಲೆಜಾಂಡ್ರ 1820ರ ದಶಕದಲ್ಲಿ ಬರೆದ ಪ್ರಬಂಧದ ಒಂದು ಅಡಿಟಿಪ್ಪಣಿಯಲ್ಲಿ, ಈ ಸಾಧನೆ ಸೋಫಿ ಜೆರ್ಮೇನ್ ಅವರದು ಅಂತ ಬಂತು. ಸುಮಾರು 180 ವರ್ಷ ಗಣಿತದ ಲೋಕಕ್ಕೆ ಆ ಅಡಿಟಿಪ್ಪಣಿಯೇ ಸೋಫಿ. ಲೆಜಾಂಡ್ರ ಯೋಜನೆ ಹಾಕಿದರು, ಸೋಫಿ ಒಂದು ಸಣ್ಣ ಪಾಲು ಮಾಡಿದರು ಅಂತ ನಂಬಿದ್ದರು. ಇತ್ತೀಚಿನ ದಶಕಗಳಲ್ಲಿ ಸಂಶೋಧಕರು ಪ್ಯಾರಿಸ್ ಮತ್ತು ಫ್ಲಾರೆನ್ಸ್‌ನಲ್ಲಿ ಉಳಿದಿರುವ ಅವರ ಕೈಬರಹದ ಹಾಳೆಗಳನ್ನು ಓದಿದ ಮೇಲೆ ಚಿತ್ರ ಬದಲಾಯಿತು. ಆ ದೊಡ್ಡ ಯೋಜನೆ, ಅದರ ಹಲವು ವಿಧಾನಗಳು ಸೋಫಿಯದೇ ಅಂತ ಈಗ ಗೊತ್ತಾಗಿದೆ. ಲೆಜಾಂಡ್ರ ಹೆಸರಿಗೆ ಹೋಗಿದ್ದ ಕೆಲವು ಫಲಿತಾಂಶಗಳಿಗೂ ಅವರ ಹಾಳೆಗಳಲ್ಲಿ ಅವರದೇ ಸ್ವಂತ ಲೆಕ್ಕಗಳಿವೆ.

ಅವರ ದಾರಿ ಅಲ್ಲೇ ನಿಲ್ಲಲಿಲ್ಲ. 5ನೇ ಘಾತಕ್ಕೆ ಡಿರಿಕ್ಲೆ ಮತ್ತು ಲೆಜಾಂಡ್ರ 1825ರ ಹೊತ್ತಿಗೆ ಪೂರ್ತಿ ಸಾಧನೆ ಕೊಟ್ಟಾಗ ಸೋಫಿ ಒಡೆದಿಟ್ಟಿದ್ದ ಎರಡು ಭಾಗಗಳಲ್ಲೇ ಕೆಲಸ ಮಾಡಿದರು. 1985ರಲ್ಲೂ ಗಣಿತಜ್ಞರು ಸೋಫಿಯ ಪ್ರಮೇಯವನ್ನು ಬೆಳೆಸಿ, ಅವರು ಹಿಡಿದಿದ್ದ ಆ ಪಾಲು ಕೊನೆಯಿಲ್ಲದಷ್ಟು ಅವಿಭಾಜ್ಯ ಘಾತಗಳಿಗೆ ನಿಜ ಅಂತ ತೋರಿಸಿದರು. ಪೂರ್ತಿ ಪ್ರಮೇಯವನ್ನು ಆಂಡ್ರ್ಯೂ ವೈಲ್ಸ್ 1990ರ ದಶಕದಲ್ಲಿ ಬೇರೆಯದೇ ದಾರಿಯಿಂದ ಸಾಧಿಸಿದರು.

ಕೊನೆಗಾಲದ ಮಾತು ಇಷ್ಟೇ. ಫೂರಿಯೆ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಯಾದ ಮೇಲೆ, 1823ರಲ್ಲಿ, ಸೋಫಿಗೆ ಅದರ ಸಭೆಗಳಲ್ಲಿ ಕೂರಲು ಅವಕಾಶ ಮಾಡಿಕೊಟ್ಟರು. ಅಲ್ಲಿಯವರೆಗೆ ಸದಸ್ಯರ ಹೆಂಡತಿಯರನ್ನು ಬಿಟ್ಟರೆ ಹೆಂಗಸರು ಒಳಗೆ ಹೋಗುವಂತಿರಲಿಲ್ಲ. ಅಷ್ಟರಲ್ಲಿ ಅವರಿಗೆ 47 ವರ್ಷ. 1829ರಲ್ಲಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು. ನೋವಿನ ನಡುವೆಯೂ ವಕ್ರತೆಯ ಬಗ್ಗೆ ಒಂದು ಪ್ರಬಂಧ ಮುಗಿಸಿದರು. 1831ರ ಜೂನ್ 27ರಂದು ತೀರಿಕೊಂಡರು. ಮರಣಪತ್ರದಲ್ಲಿ ವೃತ್ತಿಯ ಜಾಗದಲ್ಲಿ ಬರೆದದ್ದು, ಆಸ್ತಿಯ ವರಮಾನದಲ್ಲಿ ಬದುಕುವವರು ಅಂತ. ಗಣಿತಜ್ಞೆ ಅಂತ ಬರೆಯಲಿಲ್ಲ. 2003ರಿಂದ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರ ಹೆಸರಿನಲ್ಲೇ ಗಣಿತಕ್ಕೆ ಬಹುಮಾನ ಕೊಡುತ್ತಿದೆ.

ಮಗಳ ಪ್ರಾಜೆಕ್ಟ್‌ಗೆ ನನ್ನ ಸಲಹೆ. ಬದುಕಿಗೆ ಒಂದು ಪುಟ ಸಾಕು. ಮಿಕ್ಕ ಪುಟಗಳಲ್ಲಿ ಲೆಕ್ಕ ಇರಲಿ. ಒಲಿಂಪಿಯಾಡ್‌ಗೆ ಓದುವ ಮಕ್ಕಳಿಗೆ ಗೊತ್ತಿರುವ ಸೋಫಿ ಜೆರ್ಮೇನ್ ನಿತ್ಯಸಮೀಕರಣವೂ ಒಂದಿದೆ. ಒಂದು ಸಂಖ್ಯೆಯ 4ನೇ ಘಾತಕ್ಕೆ 4 ಕೂಡಿದರೆ ಅದನ್ನು ಯಾವಾಗಲೂ ಎರಡು ಅಪವರ್ತನಗಳಾಗಿ ಒಡೆಯಬಹುದು. 3ರ 4ನೇ ಘಾತ 81, 4 ಕೂಡಿದರೆ 85, ಅದು 5 × 17. 7ರದು 2401, 4 ಕೂಡಿದರೆ 2405, ಅದು 37 × 65. ಯಾಕೆ ಹೀಗಾಗುತ್ತದೆ ಅಂತ ಅವಳೇ ಸೂತ್ರ ಹುಡುಕಲಿ. ವರ್ಗ ಪೂರ್ತಿ ಮಾಡುವ ವಿಧಾನ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ.

ಆಮೇಲೆ ನಾನು 5 ಮತ್ತು 11ಕ್ಕೆ ಮಾಡಿದ್ದನ್ನು 7ನೇ ಘಾತಕ್ಕೆ ಮಾಡಿಸಿ. 7ರ ಎರಡರಷ್ಟಕ್ಕೆ ಒಂದು ಕೂಡಿದರೆ 15, ಅದು ಅವಿಭಾಜ್ಯವಲ್ಲ, ಆ ದಾರಿ ಮುಚ್ಚಿದೆ. ಸೋಫಿ ಇಂಥ ಕಡೆ ನಾಲ್ಕರಷ್ಟು, ಎಂಟರಷ್ಟು ಅಂತ ಮುಂದೆ ಹುಡುಕುತ್ತಿದ್ದರು. 7ರ ನಾಲ್ಕರಷ್ಟಕ್ಕೆ ಒಂದು ಕೂಡಿದರೆ 29 ಸಿಗುತ್ತದೆ. 1ರಿಂದ 28ರವರೆಗಿನ ಸಂಖ್ಯೆಗಳ 7ನೇ ಘಾತಗಳನ್ನು 29ರಿಂದ ಭಾಗಿಸಿ ಶೇಷಗಳ ಪಟ್ಟಿ ಮಾಡಲಿ. 1, 12, 17, 28 ಬಿಟ್ಟು ಬೇರೆ ಏನಾದರೂ ಬಂದರೆ ಎಲ್ಲೋ ಲೆಕ್ಕ ತಪ್ಪಿದೆ, ಮತ್ತೆ ನೋಡಬೇಕು. ಆಮೇಲೆ ಸೋಫಿಯ ಎರಡು ಷರತ್ತುಗಳನ್ನು ಆ ಪಟ್ಟಿಗೆ ಹಚ್ಚಿ ನೋಡಲಿ.